ಅಂಗಿಗೆ ಚುಚ್ಚಿದ ವೀರಚಕ್ರ

ಬದುಕಿರುವ ಸೈನಿಕನಾದರೆ ವೀರಚಕ್ರವನ್ನು ಎದೆಗೇ ಚುಚ್ಚುತ್ತಾರೆ. ಸತ್ತವನ ಪದಕವನ್ನು ಪೆಟ್ಟಿಗೆಯಲ್ಲಿಟ್ಟು ಹೆಂಡತಿಯ ಕೈಗೆ ಕೊಡುತ್ತಾರೆ. ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡ ನಮ್ಮೆಜಮಾನರದು ದೆಹಲಿಯಲ್ಲಿ ಹಾಗೆಯೇ ನನ್ನ ಕೈಗೆ ಬಂತು. ಒಂದು ದಿನವಾದರೂ ಅದು ಅವರ ಎದೆಯ ಮೇಲಿರಬೇಕೆಂಬ ಹಟ ನನ್ನನ್ನು ಇಷ್ಟು ವರ್ಷವೂ ಬಿಡಲಿಲ್ಲ.

ಈ ಸಲದ ಗಣರಾಜ್ಯೋತ್ಸವದ ಬೆಳಿಗ್ಗೆ, ಕ್ಯಾಸಂಬಳ್ಳಿಯ ಮನೆಯಲ್ಲಿ, ಟ್ರಂಕಿನಿಂದ ಅವರ ಸಮವಸ್ತ್ರದ ಅಂಗಿ ತೆಗೆದು ಗೂಟಕ್ಕೆ ಹಾಕಿದೆ. ನಾದಿನಿ ಮುನಿರತ್ನಮ್ಮ ನಕ್ಕಳು.

“ಅಂಗೀಗೆ ಚುಚ್ಚಿದ್ರೆ ನಮ್ಮಣ್ಣ ಎದ್ದು ಬತ್ತಾನಾ ಅತ್ಗೆ?”

“ಬರ್ದಿದ್ರೂ ಚುಚ್ತೀನಿ, ಓಗೇ.”

ಚಳಿಗೆ ಟ್ರಂಕಿನ ತಗಡು ಕೊರೆಯುತ್ತಿತ್ತು. ಅಂಗಿ ಮಾತ್ರ ಆಗಷ್ಟೇ ಮೈಯಿಂದ ಬಿಚ್ಚಿದಂತೆ ಬೆಚ್ಚಗಿತ್ತು. ನುಸಿಗುಳಿಗೆಯ ಬದಲು ಬೆವರಿನ ವಾಸನೆ ಬಂತು. ಎಡಜೇಬಿನ ಮೇಲೆ ಪದಕದ ನೀಲಿ-ಕೇಸರಿ ಪಟ್ಟಿ ಹಿಡಿದು ಪಿನ್ನು ಒತ್ತಿದೆ. ಬಟ್ಟೆ ಉಸಿರೆಳೆದುಕೊಂಡವರ ಎದೆಯಂತೆ ಸೆಟೆಯಿತು.

“ತಡ್ಕೊಳ್ಳಿ, ಇನ್ನೊಂಚೂರು” ಎಂದು ಒತ್ತಿ ಕೊಂಡಿ ಹಾಕಿದೆ.

ಮುನಿರತ್ನಮ್ಮನ ನಗು ನಿಂತಿತು. ಪಟ್ಟಿಯ ಕೆಳಗೆ ಸಾಸಿವೆಯಷ್ಟು ಹಸಿ ರಕ್ತ ಒಸರಿತ್ತು. ಅವಳು ನನ್ನ ಕೈಗಳನ್ನು ಬಾಗಿಲ ಬೆಳಕಿಗೆಳೆದು ಒಂದೊಂದೇ ಬೆರಳನ್ನು ಒತ್ತಿ ನೋಡಿದಳು.

ಯಾವ ಬೆರಳಿಗೂ ಚುಚ್ಚಿರಲಿಲ್ಲ.