ನಿಟ್ಟುಸಿರು ಕದಿಯೋ ಹೊಗೆಮಂಡ

ಬಲು ಹಿಂದಿನ ಮಾತು. ಏಳು ಗುಡ್ಡದ ಆಚೆ ಗಾಳಿಗೆರೆ ಅಂತ ಒಂದು ರಾಜ್ಯ. ಅಲ್ಲಿ ಯಾರೂ ನಿಟ್ಟುಸಿರು ಬಿಡ್ತಿರಲಿಲ್ಲ. ಸೊಸೆ ಎಷ್ಟೇ ಕಾಟ ಕೊಡಲಿ, ಅತ್ತೆ ತುಟಿ ಕಚ್ಕೊಂಡೇ ಇರಬೇಕು. ಯಾಕಂದ್ರೆ ಮಾಂತ್ರಿಕ ಹೊಗೆಮಂಡನ ಕಾಗೆಗಳು ಸೂರಿನ ಮೇಲೆ ಕಾಯ್ತಿದ್ವು. ನಿಟ್ಟುಸಿರು ಹೊರಗೆ ಬಂತೋ, ಕೊಕ್ಕಲ್ಲಿ ಕಚ್ಚಿ, ಒಳಗಿನ ಉಸಿರನ್ನೆಲ್ಲ ನೂಲಿನಂಗೆ ಎಳ್ಕೊಂಡು ಹೋಗೋವು. ಆಮೇಲೆ ಆ ಮನುಷ್ಯ ಕಣ್ಣು ಬಿಟ್ಕೊಂಡಿರೋ ಕೊರಡು. ಹೊತ್ತು ಮುಳುಗೋದ್ರೊಳಗೆ ಉಸಿರು ವಾಪಸ್ ಬರದಿದ್ರೆ ಹೆಣ. ರಾಜ ಏನು ಮಾಡ್ತಿದ್ದ ಅಂತೀರಾ? ಅರಮನೆ ಕಿಟಕಿಗೆಲ್ಲ ಹಲಗೆ ಹೊಡೆಸ್ಕೊಂಡು ಒಳಗೆ ಮೀಸೆ ತಿರುವ್ತಿದ್ದ.

ಅಕ್ಕಸಾಲಿ ಕಾಳಾಚಾರಿ ಅರವತ್ತು ವರ್ಷ ಹುಷಾರಾಗಿದ್ದ. ಒಂದು ಬೆಳಿಗ್ಗೆ ಯಾರದೋ ಮದುವೆ ತಾಳಿಗೆ ಕೊನೇ ಗುಂಡು ಬೆಸೆದು, ಜಗಲಿಗೆ ಬಂದು, "ಅಪ್ಪಾ, ಮುಗೀತು" ಅಂತ ಉಸಿರು ಬಿಟ್ಟ. ಅಷ್ಟೇ. ಮಗಳು ಮೋನಮ್ಮ ಓಡಿ ಬರೋದ್ರಲ್ಲಿ ತುಟಿ ನೀಲಿ.

ಬೀದಿಯೋರು ಬಾಯಿಗೆ ಸೆರಗು ಒತ್ಕೊಂಡೇ ಅತ್ತರು. ಉಸಿರು ವಾಪಸ್ ತರ್ತೀನಿ ಅಂತ ಮೋನಮ್ಮ ಅಂದಿದ್ದಕ್ಕೆ, ಮದುವೆಯಾಗದ ಹೆಣ್ಣು ಮಾಂತ್ರಿಕನ ಗುಡ್ಡ ಹತ್ತೋದಾ ಅಂತ ಗುಸುಗುಸು ಅಂದ್ರು. ನಾನು ಹೋಗ್ತೀನಿ ಅಂದ ಗಂಡಸು ಮಾತ್ರ ಒಬ್ಬನೂ ಇಲ್ಲ. ಅಪ್ಪನ ಊದುಕೊಳವೆ ಸೊಂಟಕ್ಕೆ ಸಿಕ್ಕಿಸ್ಕೊಂಡು ಮೋನಮ್ಮನೇ ಹೊರಟ್ಲು.

ಗುಡ್ಡದ ಬುಡದಲ್ಲಿ ಕಣ್ಣಿಲ್ಲದ ಹುಲಿ. ಉಸಿರಿನ ಸದ್ದು ಕೇಳೇ ಮೇಲೆ ಹಾರೋದು. ಮೋನಮ್ಮ ಉಸಿರು ಬಿಗಿಹಿಡಿದು ಅದರ ಮೀಸೆ ಪಕ್ಕದಲ್ಲೇ ದಾಟಿದ್ಲು. ಅದರ ಬಿಸಿಯುಸಿರು ಕುತ್ತಿಗೆಗೆ ಬಡೀತು.

ನಡುಗುಡ್ಡದಲ್ಲಿ ಸಾವಿರ ಮೆಟ್ಟಿಲು, ಮೆಟ್ಟಿಲಿಗೊಂದು ಮಲಗಿದ ಹಾವು. ಏದುಸಿರು ಕೇಳಿದ್ರೆ ಏಳ್ತಾವೆ. ಹೊತ್ತು ವಾಲ್ತಿತ್ತು, ಓಡು ಓಡು ಅಂತಿತ್ತು ಜೀವ. ಆದ್ರೂ ಅವಳು ತುಂಬಿದ ಬಸುರಿ ನಡೆದಂಗೆ ನಡೆದ್ಲು. ಒಂದು ಸಲ ದಮ್ಮು ಹತ್ತಿ ಬಾಯಿ ತೆರೆದಿದ್ದಕ್ಕೆ ಹಾವೊಂದು ಹೆಡೆ ಎತ್ತಿ, ಹಿಮ್ಮಡಿ ಮೂಸ್ತು; ಅವಳು ಬಾಯಿ ಮುಚ್ಕೊಂಡು ನಿಂತ ಮೇಲೆ ಮತ್ತೆ ಮಲಗ್ತು.

ತುದಿಯಲ್ಲಿ ಗವಿ. ಮೇಲಿಂದ ತೊಗಲು ಚೀಲಗಳು ತೂಗಾಡ್ತಿದ್ವು, ಉಬ್ತಾ, ಇಳೀತಾ. ಒಂದು ಚೀಲ ಥೇಟ್ ಅಪ್ಪನ ಹಂಗೇ ಕೆಮ್ತು. ಹೊಗೆಮಂಡನ ಎದೆ ಮಾತ್ರ ಅಲ್ಲಾಡ್ತಿರಲಿಲ್ಲ. ಅವನಿಗೆ ಸ್ವಂತ ಉಸಿರಿಲ್ಲ. ಮಾತಾಡಬೇಕಂದ್ರೆ ಒಂದು ಚೀಲ ಹಿಂಡಿ ಕುಡಿಯೋನು. ಅವತ್ತು, ಯಾವತ್ತೋ ಸತ್ತುಹೋದ ಒಬ್ಬ ಮುದುಕಿ ದನಿಯಲ್ಲಿ ಮಾತಾಡಿದ.

"ಬಾ ಮಗಳೇ. ಈ ಕೆಂಡ ಊದು. ಹೊತ್ತು ಮುಳುಗೋ ತನಕ ನಿಲ್ಲಿಸದೆ ಊದಿದ್ರೆ ನಿಮ್ಮಪ್ಪನ ಚೀಲ ನಿಂದು. ನಡುವೆ ನಿಲ್ಲಿಸಿದ್ಯೋ, ನೀನೂ ಇಲ್ಲೇ ತೂಗಾಡ್ತೀಯ."

ಅಷ್ಟೊತ್ತಿಗೆ ಅಪ್ಪ ಹೆಣ ಅಂತ ಅವನಿಗೂ ಗೊತ್ತು, ಅವಳಿಗೂ ಗೊತ್ತು. "ಹೂಂ" ಅಂದು, ಸೊಂಟದಲ್ಲಿದ್ದ ಊದುಕೊಳವೆ ತೆಗೆದ್ಲು.

ಅವನಿಗೆ ಮಂತ್ರ ಗೊತ್ತು, ಅಕ್ಕಸಾಲಿ ಮನೆ ಗೊತ್ತಿಲ್ಲ. ಬೆಸುಗೆ ಹಾಕುವಾಗ ಉರಿ ಒಂದು ಚಣ ತಗ್ಗಿದ್ರೂ ಒಡವೆ ಕೆಟ್ಟಂಗೆ. ಅದಕ್ಕೆ ಅಕ್ಕಸಾಲಿಗಳು ಕೆನ್ನೆ ತುಂಬ ಗಾಳಿ ಇಟ್ಕೊಂಡು, ಬಾಯಲ್ಲಿ ಊದ್ತಾನೇ ಮೂಗಲ್ಲಿ ಎಳ್ಕೋತಾರೆ. ಹತ್ತು ವರ್ಷದಿಂದ ಅಪ್ಪನ ಅಗ್ಗಿಷ್ಟಿಗೆ ಊದಿದೋಳು ಮೋನಮ್ಮ. ಕೆಂಡ ಕೆಂಪಾಯ್ತು, ಹಳದಿಯಾಯ್ತು, ಬೆಳ್ಳಗಾಯ್ತು. ಕಣ್ಣಲ್ಲಿ ನೀರು ಸುರೀತಿತ್ತು, ಊದು ನಿಲ್ಲಲಿಲ್ಲ.

ಕಾವಿಗೆ ತೊಗಲು ಒಣಗಿ ಒಂದು ಚೀಲ ಟಪ್ ಅಂತ ಒಡೀತು. ನಿಲ್ಲಿಸು ಅನ್ನೋಕೆ ಹೊಗೆಮಂಡ ಇನ್ನೊಂದಕ್ಕೆ ಕೈ ಹಾಕಿದ, ಅದೂ ಸೀಳ್ತು. ಆಮೇಲೆ ಸಾಲಾಗಿ ಎಲ್ಲವೂ. ಒಳಗಿದ್ದ ಉಸಿರೆಲ್ಲ ಗವಿ ಬಿಟ್ಟು ಊರ ಕಡೆ ಹಾರಿದ್ವು. ಮಾತಿಗೆ ಗಾಳಿ ಸಿಗದೆ, ಬಾಯಿ ತೆರ್ಕೊಂಡೇ ಒಣ ಸೋರೆಬುರುಡೆಯಂಗೆ ಕುಸಿದ. ಹುಲಿ, ಹಾವು, ಕಾಗೆ ಎಲ್ಲ ಹೊಗೆಯಾದ್ವು.

ಹೊತ್ತು ಮುಳುಗೋಕೆ ಇನ್ನೂ ಒಂದು ಮೊಳ ಇತ್ತು. ಮನೆ ಸೇರಿದ್ರೆ ಅಪ್ಪ ಎದ್ದು ಕೂತು, ತಾಳಿ ಒಯ್ಯೋಕೆ ಬಂದೋರನ್ನ ಕಾಯಿಸಿ ಎಲ್ಲಿ ಅಲೀತಿದ್ದೆ ಅಂತ ಬೈದ.

ಆವತ್ತಿಂದ ಗಾಳಿಗೆರೆ ಸುಖವಾಗಿತ್ತು. ಗಂಡ ಗೊರಕೆ ಹೊಡೆದ್ರೆ ಯಾವ ಹೆಂಡತಿಯೂ ತಿವೀತಿರಲಿಲ್ಲ. ಎದ್ದು ಕೂತು ಕೇಳಿಸ್ಕೋತಿದ್ಲು.