ಮೊದಲ ನೀವು ಬಾಯಿ ತೆಗೀರಿ

"ಈ ಕಾಗದದ ಮ್ಯಾಲ ಇದನ್ನ ಬರದವ್ರು ನೀವೇ ಏನ್ರಿ?"

ಬಸ್ಸಿಳಿದು ಬಂದ ಮನುಷ್ಯನಿಗೆ ಒಂದು ಲೋಟ ನೀರು ಕೊಡುವ ಮೊದಲೇ ನಾನು ಕೇಳಿದ ಮಾತು ಇದು. ಹಲ್ಲಿನ ಡಾಕ್ಟರ್ ಬಸವಂತ್ರಾಯ ಕೈಪೆಟ್ಟಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ತಿಂಗಳಿಗೊಮ್ಮೆ ಯಾದಗಿರಿಯಿಂದ ಸುರಪುರಕ್ಕೆ, ನಮ್ಮ ಆಸರೆ ಮನೆಗೆ ಬರುತ್ತಿದ್ದರು. ವಯಸ್ಸಾದರೂ ಬುದ್ಧಿ ಮಗುವಿನಷ್ಟೇ ಉಳಿದ ಹದಿಮೂರು ಮಂದಿ ಅಲ್ಲಿದ್ದರು. ಅವರಲ್ಲಿ ಒಬ್ಬಳು ನನ್ನ ಅಕ್ಕ ಬಾಲಮ್ಮ. ಅವಳಿಗಾಗಿಯೇ ನಾನು ಅಲ್ಲಿ ಕೆಲಸಕ್ಕೆ ಸೇರಿದ್ದೆ.

ಡಾಕ್ಟರು ಅಕ್ಕನ ಹೆಸರಿನ ಆ ಕಾಗದ ಓದಿದರು. 'ಬಾಯಿ ತೋರಿಸುವುದಿಲ್ಲ. ಮೈಮೇಲೆ ಬೀಳುತ್ತಾಳೆ.' ಕೆಳಗೆ ಅವರದೇ ಸಹಿ.

"ಹೋದ ಸಲ ಅವ್ರು ನನ್ನ ಕೈ ಕಚ್ಚಿದ್ರಲ್ರಿ," ಎಂದರು ಸಣ್ಣ ದನಿಯಲ್ಲಿ.

"ಇಬ್ಬರು ಗಂಡಸ್ರು ರಟ್ಟಿ ಹಿಡದು ಮಂಚಕ್ಕ ಒತ್ತಿದ್ರ ನಾನೂ ಕಚ್ತಿದ್ದೆ!"

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ಹಳೆಯ ಉರ್ದು ಕಾಗದಗಳನ್ನು ತೆಗೆದಿಟ್ಟು, ಒಬ್ಬೊಬ್ಬರಿಗೂ ಕನ್ನಡದಲ್ಲಿ ಹೊಸ ಕಾಗದ ಮಾಡುತ್ತಿದ್ದರು. ಡಾಕ್ಟರರ ಆ ಎರಡು ಸಾಲಿನ ಕೆಳಗೆ ಮೇಲ್ವಿಚಾರಕ ಲಿಂಗಣ್ಣ ತನ್ನದೊಂದು ಸೇರಿಸಿದ್ದ: 'ಹುಚ್ಚರ ಆಸ್ಪತ್ರೆಗೆ ಕಳಿಸತಕ್ಕದ್ದು.' ಅವಳನ್ನು ಒಯ್ಯಲು ಸೋಮವಾರ ಗಾಡಿ ಬರುವುದಿತ್ತು.

ಹತ್ತು ದಿನದಿಂದ ಅಕ್ಕ ಊಟ ಬಿಟ್ಟಿದ್ದಳು. ಕೆನ್ನೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಳು, ಅದೂ ಎಡಗೆನ್ನೆ ಮಾತ್ರ. ಒಳಗೆ ಕಪ್ಪಾದ ಹಲ್ಲನ್ನು ನಾನು ಕಣ್ಣಾರೆ ಕಂಡಿದ್ದೆ. ಹೇಳಿದರೆ ಲಿಂಗಣ್ಣ, "ನೀ ಏನು ಡಾಕ್ಟರೇನು?" ಎಂದಿದ್ದ.

"ಎಡಗೆನ್ನಿ ಅಷ್ಟೇ ಗ್ವಾಡಿಗಿ ಬಡ್ಕೋತಾಳ. ಹುಚ್ಚಿಗಿ ಎಡ ಬಲ ತಿಳೀತೈತೇನ್ರಿ?" ಎಂದು ಈಗ ಇವರನ್ನು ಕೇಳಿದೆ.

ಅವರು ಪೆಟ್ಟಿಗೆ ಕೆಳಗಿಟ್ಟರು. "ನನಗ ತಿಳೀಬೇಕಿತ್ತು. ರೇಣಮ್ಮಾ, ಅವ್ರು ಹ್ಯಾಂಗ ಬಾಯಿ ತೆಗೀತಾರ? ನೀವು ಹೇಳ್ದಂಗ ಮಾಡ್ತೀನಿ." ಹಾಗೆ ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

ಸುಳ್ಳೇಕೆ ಹೇಳಲಿ, ನಾಲ್ಕು ತಿಂಗಳಿಂದ ನಾನು ಆ ನೋಟಕ್ಕೆ ಕಾಯುತ್ತಿದ್ದೆ. ಅವರು ಬರುವ ದಿನ ಹಸಿರು ಸೀರೆಯನ್ನೇ ಉಡುತ್ತಿದ್ದೆ. ಇಂಥವರಿಗಾಗಿ ಉಟ್ಟೆನಲ್ಲ ಎಂದು ಈಗ ಆ ಸೀರೆಯ ಮೇಲೂ ಸಿಟ್ಟು.

ಅಕ್ಕನನ್ನೂ ಅವರನ್ನೂ ಬಾವಿಕಟ್ಟೆಗೆ ಕರೆದೊಯ್ದೆ. ಅಲ್ಲಿ ದಿನಾ ಬೆಳಿಗ್ಗೆ ನಮ್ಮವರು ಎದುರುಬದುರು ಕೂತು ಒಬ್ಬರ ಹಲ್ಲನ್ನು ಇನ್ನೊಬ್ಬರು ಉಜ್ಜುತ್ತಾರೆ. ತಮ್ಮದು ಉಜ್ಜಿಕೊಳ್ಳಲು ಬೇಸರ, ಇನ್ನೊಬ್ಬರದೆಂದರೆ ಹುರುಪು. ಅದನ್ನು ನೋಡಿ ನಾನೇ ಮಾಡಿದ ಪದ್ಧತಿ. ಅಕ್ಕನಿಗೆ ಅದು ಕಾನೂನು. ತಾನು ಯಾರ ಹಲ್ಲು ಉಜ್ಜಿಲ್ಲವೋ ಅವರ ಬೆರಳು ತನ್ನ ಬಾಯಿಗೆ ಬರಕೂಡದು.

"ಮೊದಲ ನೀವು ಬಾಯಿ ತೆಗೀರಿ," ಎಂದೆ.

ಮುಂಬಯಿಯಲ್ಲಿ ಓದಿದ ಡಾಕ್ಟರು ಒದ್ದೆ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಕ್ಕ ಇದ್ದಲಿ ಪುಡಿಯಲ್ಲಿ ಬೆರಳದ್ದಿ ಉಜ್ಜತೊಡಗಿದಳು. ತುಟಿ, ಗದ್ದ, ಬಿಳಿ ಅಂಗಿಯ ಕಾಲರು ಎಲ್ಲ ಕಪ್ಪಾಯಿತು. ಅವರು ಕದಲಲಿಲ್ಲ, ಕಣ್ಣಷ್ಟೇ ಓರೆ ಮಾಡಿ ನನ್ನತ್ತ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ಬೇಗ ನಗಬಾರದೆಂದು ಸೆರಗು ಕಚ್ಚಿಕೊಂಡೆ.

"ಉಗುಳು," ಎಂದಳು ಅಕ್ಕ. ಉಗುಳಿದರು. ಆಮೇಲೆ ಅವಳು ತಾನೇ ಬಾಯಿ ತೆರೆದಳು.

ಎಡಗಡೆಯ ದವಡೆಹಲ್ಲು ಹುಳುಕು ಹಿಡಿದು, ಒಸಡು ಕೀವು ತುಂಬಿ ಊದಿತ್ತು. ಸೂಜಿ ಚುಚ್ಚುವಾಗ ಅಕ್ಕ ನನ್ನ ಕೈ ಹಿಂಡಿದಳು, ಕಚ್ಚಲಿಲ್ಲ. ಹಲ್ಲು ಕಿತ್ತು ಬಂತು. ಸಂಜೆಗೆ ಒಂದು ಬಟ್ಟಲು ಗಂಜಿ ಕುಡಿದಳು. ಹತ್ತು ದಿನದಲ್ಲಿ ಅದೇ ಮೊದಲು.

ಡಾಕ್ಟರು ಲಿಂಗಣ್ಣನ ಎದುರಿಗೇ ತಮ್ಮ ಸಾಲುಗಳ ಮೇಲೆ ಗೀಟೆಳೆದು ಬರೆದರು: 'ನೋವು ಹಲ್ಲಿನದು. ತಪ್ಪು ನನ್ನದು. ಎಲ್ಲಿಗೂ ಕಳಿಸಬಾರದು.' ಲಿಂಗಣ್ಣ ಮುಖ ಗಂಟಿಕ್ಕಿಕೊಂಡು, ಗಾಡಿ ಬೇಡವೆಂದು ಹೇಳಿ ಕಳಿಸಿದ.

ಬಸ್ಸಿಗೆ ಹೊರಟವರು ಬಾಗಿಲಲ್ಲಿ ನಿಂತರು. "ಸಿಟ್ಟು ಹೋತೇನ್ರಿ?"

"ಇಲ್ಲ. ಹತ್ತು ದಿನ ಉಪವಾಸ ಬಿದ್ದಾಳ ನಮ್ಮಕ್ಕ. ಅಷ್ಟು ಲಗೂ ಹೋಗಂಗಿಲ್ಲ."

"ಇರ್ಲಿ. ಸಿಟ್ಟಿದ್ರೂ ಕೇಳ್ತೀನಿ. ನನ್ನ ಲಗ್ನ ಆಗ್ತೀರೇನು?"

ಮೈಯೆಲ್ಲ ಮತ್ತೆ ಉರಿಯಿತು. ಹಿಂದೆ ಇಬ್ಬರು ನನ್ನನ್ನು ಹೀಗೇ ಕೇಳಿದ್ದರು. ಅಕ್ಕನನ್ನು ಕಂಡ ಮೇಲೆ ಇಬ್ಬರೂ ತಿರುಗಿ ನೋಡಿರಲಿಲ್ಲ.

"ಅಕ್ಕನ್ನ ಎಲ್ಲಿ ಬಿಡ್ಬೇಕು, ಅದನ್ನ ಮೊದಲ ಹೇಳ್ರಿ!"

"ಎಲ್ಲೂ ಬಿಡಬ್ಯಾಡ್ರಿ. ನಾನೇ ಯಾದಗಿರಿ ಬಿಟ್ಟು ಇಲ್ಲಿ ಮನಿ ಮಾಡ್ತೀನಿ."

"ಸೋಮವಾರ ಬೆಳಿಗ್ಗಿ ಮೊದಲನೇ ಬಸ್ಸಿಗಿ ಬರ್ರಿ," ಎಂದೆ. "ಗಾಯ ನೋಡ್ರಿ. ಉಳಿದದ್ದು ಆಮ್ಯಾಲ."

ಗಾಡಿ ಬರಬೇಕಾಗಿದ್ದ ಸೋಮವಾರ ಅವರು ಬಂದರು. ಬಾವಿಕಟ್ಟೆಯ ಮೇಲೆ ಅಕ್ಕ ಅವರನ್ನು ನನ್ನ ಎದುರಿಗೆ ಎಳೆದು ಕೂರಿಸಿದಳು. ನನ್ನ ಬೆರಳು ಹಿಡಿದು ಇದ್ದಲಿ ಪುಡಿಯಲ್ಲಿ ಅದ್ದಿದಳು. "ನೀ ಮೊದಲ," ಎಂದಳು ಅವರಿಗೆ.

ಅವರು ಬಾಯಿ ತೆರೆದರು. ಉಳಿದ ಸಿಟ್ಟನ್ನೆಲ್ಲ ಸೇರಿಸಿ ಗಸಗಸ ಉಜ್ಜಿದೆ. ಆಮೇಲೆ ಕಣ್ಣು ಮುಚ್ಚಿ ನಾನು ಬಾಯಿ ತೆರೆದೆ.