ಖಣದ ತೇಪೆ

“ಮಷೀನ್ ಬೇಕಾದ್ರ ಒಯ್ರಿ ಮಿಸ್ತ್ರಿ. ಆ ಚೀಲ ಮಾತ್ರ ಇಲ್ಲೇ ಸುಟ್ಟು ಹೋಗ್ರಿ.”

ನಾಶಿಕದ ಉಮಾನಾಥ ಶೆಟ್ಟರ ಲಾಡ್ಜಿನ ಉಗ್ರಾಣದಲ್ಲಿ, ಬಾಗಿಲಿಗೆ ಅಡ್ಡ ನಿಂತು ಹೀಗೆಂದವಳು ಕಸ ಗುಡಿಸುವ ಸುಶೀಲಾಬಾಯಿ. ಹುಮನಾಬಾದ್ ಕಡೆಯ ಮುದುಕಿ. ಪಂಪಿನ ಮೋಟಾರು ಸರಿಮಾಡಲು ಔರಂಗಾಬಾದಿನಿಂದ ಬಂದಿದ್ದ ವೈಜನಾಥನ ಕಣ್ಣು ಮೂಲೆಯ ಯಂತ್ರದ ಮೇಲೆಯೇ ನೆಟ್ಟಿತ್ತು. ಯಾವನೋ ದೊರೆ ಬಿಟ್ಟುಹೋದ, ಕಸ ಹೀರುವ ವಿಲಾಯತಿ ಮಷೀನು. ಎರಕದ ಮೂತಿ, ಉದ್ದ ಹಿಡಿಕೆ, ಹಿಡಿಕೆಗೆ ಜೋತುಬಿದ್ದ ಕಪ್ಪು ಬಟ್ಟೆಯ ಚೀಲ. “ಒಮ್ಮೆ ತಕೊಂಡು ಹೋಗು ಮಾರಾಯಾ” ಎಂದು ಶೆಟ್ಟರು ಹೇಳಿಯಾಗಿತ್ತು.

“ಚೀಲದಾಗೇನದ?”

“ಭಾನಾಮತಿ. ಚೀಲ ಹೊಲಿದಾಕಿ ಮಾಟ ಕಟ್ಟಿ ಹೋಗ್ಯಾಳ. ಉಟ್ಟು ತೊಟ್ಟ ಬಟ್ಟಿ ಅದಕ್ಕ ತಾಗಿದ್ರ ಉಟ್ಟವರ ಉಸಿರು ಅದರದಾಗ್ತದ. ಆ ಹಸರು ತೇಪಿ ನೋಡ್ರಿ. ನನ್ನ ಮಗಳ ಕುಬಸದ್ದು.”

“ಮಗಳೆಲ್ಲಿ?”

“ಇಲ್ಲ.”

ವೈಜನಾಥ ನಕ್ಕುಬಿಟ್ಟ. “ಕರೆಂಟಿಗಿ ಫೇಸು, ನ್ಯೂಟ್ರಲ್ ಅಷ್ಟೇ ತಿಳೀತದಬೇ. ಭಾನಾಮತಿ ಯಾರು ಕಲಸ್ಯಾರ ಅದಕ್ಕ?”

ಮುದುಕಿ ನೆಲಕ್ಕೆ ಉಗುಳಿದಳು. “ನಗು. ನಿನ್ನ ಮನ್ಯಾಗೂ ಮಕ್ಕಳಿರಬೇಕಲ್ಲ.”

ಇದ್ದಳು. ಎಂಟು ವರ್ಷದ ಚೆನ್ನಿ. ಅವಳಿಗಾಗಿಯೇ ಅವನಿಗೆ ಆ ಯಂತ್ರ ಬೇಕಿತ್ತು. ಭಾಲ್ಕಿ ಬಿಟ್ಟು ಬಂದು ಆರು ತಿಂಗಳು. ಔರಂಗಾಬಾದಿನಲ್ಲಿ ಬಾಡಿಗೆಗೆ ಸಿಕ್ಕಿದ್ದು ಹತ್ತಿ ಗಿರಣಿಯ ಬೆನ್ನಿಗಿದ್ದ ತಗಡಿನ ಕೋಣೆ. ಗೋಡೆ, ಕೌದಿ, ಉಣ್ಣುವ ತಾಟು, ಎಲ್ಲದರ ಮೇಲೂ ನವಿರಾದ ಅರಳೆದೂಳು. ಹೆಂಡತಿ ಸಂಗಮ್ಮ ಕಸಬರಿಗೆ ಮುಟ್ಟಿದರೆ ಸಾಕು, ಮಗಳ ಎದೆ ಸಿಳ್ಳೆ ಹೊಡೆಯುತ್ತಿತ್ತು. ದೂಳು ತಪ್ಪಿಸದಿದ್ದರೆ ಈ ಹುಡುಗಿ ಇನ್ನೊಂದು ಬೇಸಗೆ ದಾಟುವುದು ಕಷ್ಟ ಎಂದು ಡಾಕ್ಟರು ಮುಖ ನೋಡದೆ ಹೇಳಿದ್ದರು.

ವೈಜನಾಥ ಯಂತ್ರವನ್ನು ಚೀಲದ ಸಮೇತ ಮನೆಗೆ ತಂದು ಬಿಚ್ಚಿ ಹಾಕಿದ. ಮೋಟಾರಿನ ಸುಟ್ಟ ಸುತ್ತು ಕಿತ್ತು ಹೊಸ ತಂತಿ ಸುತ್ತಿದ, ವಾರ್ನಿಷ್ ಬಳಿದು ಬಿಸಿಲಿಗಿಟ್ಟ. ಸವೆದ ಕಾರ್ಬನ್ ಬದಲಿಸಿದ, ಬೇರಿಂಗಿಗೆ ಗ್ರೀಸು ತುಂಬಿದ, ಸೈಕಲ್ ಟ್ಯೂಬು ಕತ್ತರಿಸಿ ಬ್ರಷ್ಷಿಗೆ ಪಟ್ಟಿ ಮಾಡಿದ. ಉಳಿದದ್ದು ಚೀಲ. ಎಷ್ಟು ಒಗೆದರೂ ಅದರಿಂದ ಸುಟ್ಟ ಕೂದಲಿನ, ಹಳಸಿದ ಅರಿಸಿನದ ನಾತ ಹೋಗಲಿಲ್ಲ. ಹಸಿರು ತೇಪೆ ಕೈಯಲ್ಲೇ ಪುಡಿಯಾಗಿ, ಅಂಗೈಯಗಲದ ತೂತು ಬಾಯ್ದೆರೆಯಿತು. ಸಾದಾ ಬಟ್ಟೆ ಹೊಲಿದರೆ ನುಣ್ಣನೆ ದೂಳು ಸೋರುತ್ತದೆ. ಒತ್ತಾದ ನೆಯ್ಗೆ ಬೇಕು. ಚೆನ್ನಿಗೆ ಗಿಡ್ಡವಾಗಿದ್ದ ಖಣದ ಲಂಗ ಗೂಟದಲ್ಲಿತ್ತು.

“ಉಟ್ಟದ್ದು ಬ್ಯಾಡ್ರಿ,” ಸಂಗಮ್ಮ ಕೈ ಹಿಡಿದಳು. “ಹೊಸಾ ತುಂಡು ತರ್ರಿ.”

“ಆ ಮುದುಕಿ ಮಾತು ನಿನಗ ಹೇಳಿದ್ದೇ ತಪ್ಪಾತು ನೋಡು.”

ಅವನೇ ಕೂತು ಜೋಡು ದಾರದಲ್ಲಿ ಒತ್ತೊತ್ತಾಗಿ ಹೊಲಿದ.

ಆದಿತ್ಯವಾರ ಮಧ್ಯಾಹ್ನ. ಹೊರಗೆ ಮೇ ತಿಂಗಳ ಬಿಸಿಗಾಳಿ ಮಣ್ಣೆರಚುತ್ತಿತ್ತು. ಕಿಟಕಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಾಡುಹಗಲೇ ಕತ್ತಲೆ. ವೈಜನಾಥ ಸ್ವಿಚ್ಚು ಒತ್ತಿದ. ಯಂತ್ರ ಮೊರೆಯಿತು. ಚೀಲ ಬಸುರಿಯ ಹೊಟ್ಟೆಯಂತೆ ಉಬ್ಬಿತು.

“ಅಪ್ಪಾ, ಹುಲಿ ಒದರಿದಂಗ ಅದ!” ಚೆನ್ನಿ ಚಪ್ಪಾಳೆ ತಟ್ಟಿದಳು.

ಗೋಡೆ, ಕೌದಿ, ಮೂಲೆ, ಎಲ್ಲ ಹೀರಿತು. ಒಂದು ಕಣವೂ ಮೇಲೇಳಲಿಲ್ಲ. ಮಗಳ ಎದೆಯಲ್ಲಿ ಸಿಳ್ಳೆಯೇ ಇಲ್ಲ. ಅವನು ಬೀಗುತ್ತ ಸ್ವಿಚ್ಚು ಆರಿಸಿದ.

ಚೀಲ ಇಳಿಯಿತು. ಅದರ ಜೊತೆಗೆ ಚೆನ್ನಿಯ ಎದೆಯೂ ಇಳಿಯಿತು.

ಮತ್ತೆ ಏಳಲಿಲ್ಲ. ಕೆಮ್ಮಿಲ್ಲ, ಸಿಳ್ಳೆಯಿಲ್ಲ. ತುಟಿ ನೀಲಿಗಟ್ಟಿತು. ಸಂಗಮ್ಮ ಚೀರಿದಳು. ಏನು ತೋಚಿತೋ, ಅವನು ಸ್ವಿಚ್ಚು ಒತ್ತಿದ. ಚೀಲ ಎದ್ದಿತು. ಎದೆ ಎದ್ದಿತು. ಮಿಸ್ತ್ರಿಯ ಬುದ್ಧಿ, ಪರೀಕ್ಷಿಸದೆ ನಂಬದು. ಮತ್ತೊಮ್ಮೆ ಆರಿಸಿದ. ಎದೆ ನಿಂತಿತು.

“ಬಂದ್ ಮಾಡಬ್ಯಾಡ್ರೀ! ನಿಮ್ಮ ಕಾಲು ಬೀಳ್ತೀನಿ!”

ಒತ್ತಿದ. ಆಗಲೇ ಮೂಗಿಗೆ ಬಡಿಯಿತು ವಾಸನೆ. ಕಾದ ವಾರ್ನಿಷ್. ಆ ಸುತ್ತು ಸುತ್ತಿದವನು ಅವನೇ. ಎಷ್ಟು ತಾಳುತ್ತದೆ ಎಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಇನ್ನು ಕಾಲು ತಾಸು. ಅಷ್ಟೂ ಇಲ್ಲ.

ಚಾಕು ತೆಗೆದ. ತುದಿ ತೇಪೆಗೆ ತಾಗಿತು. ಚೆನ್ನಿ ಕಿರುಚಿದಳು. ಅವಳ ಕೊರಳ ಮೇಲೆ ಕೆಂಪು ಗೀರು. ಚಾಕು ಕೈಜಾರಿತು.

ಹರಿಯುವಂತಿಲ್ಲ. ಬಿಚ್ಚಬೇಕು. ಒಂದೊಂದೇ ಹೊಲಿಗೆ.

ಸೂಜಿ ಹಿಡಿದ. ಬೆವರು ಕಣ್ಣಿಗಿಳಿಯಿತು. ಒಂದು. ಎರಡು. ಚೀಲ ಅವನ ಬೆರಳಡಿ ಬೆಚ್ಚಗೆ ಮಿಡಿಯುತ್ತಿತ್ತು. ಹೊಗೆ ಎದ್ದಿತು. ಮೊರೆತ ಒಡೆದು ಗೊಗ್ಗರಾಯಿತು. ಹತ್ತು. ಇಪ್ಪತ್ತು. ಜೋಡು ದಾರ. ತನ್ನದೇ ಕೈ ಹಾಕಿದ ಬಿಗಿ ಹೊಲಿಗೆ. ಕೊನೆಯದು. ಬರಲಿಲ್ಲ. ಎಳೆದ. ಬಂತು.

ತೇಪೆ ಹಾರಿಬಿತ್ತು. ಚೆನ್ನಿಯ ಎದೆಯಲ್ಲಿ ಸಿಳ್ಳೆ ಎದ್ದಿತು. ಅವಳದೇ ಹಳೆಯ, ಸುಡುಗಾಡು ಸಿಳ್ಳೆ. ವೈಜನಾಥ ಬಿಕ್ಕಿ ಅತ್ತ.

ತೂತಿನಿಂದ ಕರಿದೂಳು ಬುಗ್ಗೆಯಾಗಿ ಚಿಮ್ಮಿ ನೇರ ಮಗುವಿನ ಮುಖಕ್ಕೆ ಹೊಡೆಯಿತು.

“ಅಯ್ಯ, ಕೂಸಿಗಿ ದೂಳು!” ಎನ್ನುತ್ತ ಸಂಗಮ್ಮ ಸೆರಗು ಒಟ್ಟುಗೂಡಿಸಿ, ಎರಡೂ ಕೈಯಿಂದ ಆ ತೂತಿಗೆ ಒತ್ತಿ ಹಿಡಿದಳು.

ನೀಲಿ ಕಿಡಿ. ಮೋಟಾರು ನಿಂತಿತು.

“ಸಂಗೂ, ಬಿಡು. ಸೆರಗು ಬಿಡು!”

ಅವಳು ಬಿಡಲಿಲ್ಲ. ಚೀಲ ಮೆಲ್ಲಗೆ ಇಳಿಯುತ್ತಿತ್ತು. ಅವನು ಸೆರಗು ಹಿಡಿದು ಜಗ್ಗಿದ. ಬಟ್ಟೆ ಚೀಲಕ್ಕೆ ಚರ್ಮದಂತೆ ಕೂಡಿಕೊಂಡಿತ್ತು. ಸ್ವಿಚ್ಚು ಒತ್ತಿದ. ಮತ್ತೆ ಒತ್ತಿದ.

“ಅಪ್ಪಾ,” ಹಿಂದಿನಿಂದ ಚೆನ್ನಿ ಏದುಸಿರಿನಲ್ಲಿ ಹೇಳಿದಳು, “ಚಾಲೂ ಮಾಡು. ಅವ್ವಂದು ಉಸಿರು ಹೋಗ್ಲಿಕತ್ತದ.”

ಹೊಸ ತಂತಿ ಸುತ್ತಿ, ವಾರ್ನಿಷ್ ಒಣಗಿ ಅದು ಮತ್ತೆ ತಿರುಗಲು ಎಂಟು ದಿನ ಬೇಕೆಂದು ಅವನ ಕೈಗಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವು ಸ್ಕ್ರೂ ಬಿಚ್ಚತೊಡಗಿದವು.